ಮೂಗಿನ ಕೆಲಸ

ಹೋದ ವರ್ಷದ ಜ್ವರ ಇಳಿಯುವಾಗ
ಮೂಗಿನೊಳಗಿದ್ದದ್ದನ್ನೆಲ್ಲ ಕಟ್ಟಿಕೊಂಡು ಹೋಯಿತು.
ಮೂಗಿರುವ ತನಕ ನೆಗಡಿ ತಪ್ಪದು ಅಂತಾರೆ;
ನನಗೆ ಮೂಗೂ ಇದೆ, ನೆಗಡಿಯೂ ತಪ್ಪಿಲ್ಲ,
ವಾಸನೆಯೊಂದೇ ಇಲ್ಲ.

ಬ್ರಿಟೋನಾದ ಧಕ್ಕೆಯಲ್ಲಿ ಯಾರಿಗೂ ಹೇಳಿಲ್ಲ.
ದೋಣಿಗಳ ನಳ ರಿಪೇರಿ ಮಾಡುವವನಿಗೆ
ನಾತ ಗೊತ್ತಾಗುವುದಿಲ್ಲ ಎಂದರೆ
ಕಿವುಡನ ಕೈಯಲ್ಲಿ ತಂಬೂರಿ ಕೊಟ್ಟ ಹಾಗೆ.

ಎರ್ಮೆಲಿಂಡಾ ಬಾಯಿ ಫೋನು ಮಾಡಿದ್ದು ಗುರುವಾರ.
ಗಂಡ ತೀರಿದ ಮೇಲೆ ಬಿಳಿ ದೋಣಿ
ಮಳೆಗಾಲವಿಡೀ ಟಾರ್ಪಾಲಿನಡಿ ಮಲಗಿತ್ತು.
ಭಾನುವಾರ ಪುಣೆಯಿಂದ ಕೊಳ್ಳುವವರು ಬರುತ್ತಾರೆ.
"ಫಕೀರಾ, ಬಾಗಿಲು ತೆಗೆದರೆ
ಸತ್ತವರೂ ಎದ್ದು ಓಡಬೇಕು, ಹಾಗಿದೆ."

ಊಹೆಯ ಮೇಲೆ ಕೆಲಸ ಮಾಡಿದೆ.
ಪಾಯಖಾನೆಯಿಂದ ಹೊರಹೋಗುವ ದಪ್ಪ ಪೈಪು
ಕಿತ್ತೆ, ಹೊಸತು ಹಾಕಿದೆ,
ಎರಡು ಸಾವಿರದ ಎಂಟುನೂರು ಬಿಲ್ಲು ಕೊಟ್ಟೆ.
ದೊಡ್ಡದೊಂದು ಉಸಿರೆಳೆದು "ಹಾಂ, ಹೋಯ್ತು" ಅಂದೆ.
ಬಾಯಿ ಸೀರೆಯ ಸೆರಗಿಲ್ಲದ್ದಕ್ಕೆ
ಗೌನಿನ ಕಾಲರೆತ್ತಿ ಮೂಗು ಮುಚ್ಚಿ
ನನ್ನನ್ನೇ ನೋಡಿದಳು.

ಶನಿವಾರ ಹುಲಿಗೆವ್ವನನ್ನು ಕರೆತಂದೆ.
ಬೆತಿಂ ಮೀನುಕಟ್ಟೆಯಲ್ಲಿ ಬುಟ್ಟಿ ಹೊರುವವಳು,
ಬಂಗಡೆ ನಿನ್ನೆಯದೋ ಮೊನ್ನೆಯದೋ
ಐದು ಮಾರು ದೂರದಿಂದ ಹೇಳುತ್ತಾಳೆ.
"ಹೆಲ್ಪರು" ಎಂದೆ ಬಾಯಿಗೆ.
"ಹೆಲ್ಪರಂತ ಹೆಲ್ಪರು" ಎಂದಳು ಹುಲಿಗೆವ್ವ
ಏಣಿ ಇಳಿಯುತ್ತ, ಹಲ್ಲು ಕಚ್ಚಿ.

ಕುದಿನೀರಲ್ಲಿ ಹಳೇ ಬನೀನು ಅದ್ದಿ ಹಿಂಡಿ
ಒಂದೊಂದು ಪೈಪಿಗೂ ಸುತ್ತುವುದು,
ಆರಿದ ಮೇಲೆ ಬಿಚ್ಚಿ ಅವಳ ಕೈಗೆ ಕೊಡುವುದು.
ಇದು ನನಗೆ ಗೊತ್ತಿದ್ದ ವಿದ್ಯೆ.
ಅರ್ಧ ವಿದ್ಯೆ.
ಉಳಿದರ್ಧ ಅವಳ ಮುಖದ ಮೇಲೆ ಓದಬೇಕು.

ಹೊಸ ಪೈಪು: "ರಬ್ಬರ್ ಚಪ್ಪಲಿ ಅಂಗಡಿ."
ಟ್ಯಾಂಕಿನ ಗಾಳಿಕೊಳವೆ: "ಏನಿಲ್ಲ. ಸ್ವಲ್ಪ ಎಣ್ಣಿ."
ಹಲಗೆಯಡಿಯ ನಿಂತ ನೀರು:
"ಡೀಸೆಲ್ಲು, ಮತ್ತ ಯಾರೋ ಕಾಫಿ ಚೆಲ್ಯಾರ."
ಕೊನೆಗೆ ಮೂಲೆಯ ಸಣ್ಣ ಪೈಪು,
ಹೊರಗಿನ ಉಪ್ಪುನೀರು ಒಳಗೆ ತರುವುದು,
ಹೊಲಸು ಮುಟ್ಟದ್ದು,
ನಾನು ಕೈಯೂ ಹಚ್ಚಿರದಿದ್ದದ್ದು.
ಬಟ್ಟೆ ಮೂಗಿಗೊಯ್ದವಳು ತಲೆ ಹಿಂದೆಸೆದಳು.
"ಇದಾ ನೋಡು. ಕೊಳೆತ ತತ್ತಿ.
ತತ್ತಿ ಸುಟ್ಟು ಪಟಾಕಿ ಹೊಡದಂಗ."

ಪಾಯಖಾನೆಯದಲ್ಲ, ಹಾಗಾದರೆ.
ನಾಲ್ಕು ತಿಂಗಳು ಒಂದೂವರೆ ಮಾರು ಪೈಪಿನಲ್ಲಿ
ಹೊರಬರಲಾಗದೆ ಸಿಕ್ಕಿಬಿದ್ದ ಮಾಂಡವಿ,
ಕಣ್ಣಿಗೆ ಕಾಣದ ಸಾವಿರ ಹುಳು ಹುಪ್ಪಟೆ,
ಬೆಳಕಿಲ್ಲದೆ, ಗಾಳಿಯಿಲ್ಲದೆ,
ತಮ್ಮಷ್ಟಕ್ಕೆ ಸತ್ತು ಕೂತಿದ್ದವು.
ಬಿಚ್ಚಿ ಬಕೆಟ್ಟಿಗೆ ಸುರಿದಾಗ
ನನಗೆ ಕಂಡದ್ದು ಬರೀ ಕಪ್ಪು ನೀರು.
ಹುಲಿಗೆವ್ವ ಏಣಿಯ ತುದಿಯಲ್ಲಿದ್ದಳು.

ವಿನಿಗರ್ ಬಿಟ್ಟು ಕವಾಟ ತೊಳೆದೆ.
ಹೊಸ ತುಂಡು ಹಾಕಿ, ಬೇಸಿನ್ನಿನ ಸಿಹಿನೀರನ್ನು
ಅದೇ ದಾರಿಗೆ ಜೋಡಿಸಿದೆ:
"ಬೀಗ ಹಾಕೋ ಮೊದಲು ಎರಡು ಚೊಂಬು ಹೊಯ್ಯಿರಿ,
ಕೈಪಂಪು ಹತ್ತು ಸಲ ಒತ್ತಿ,
ಉಪ್ಪು ಒಳಗೆ ಉಳಿಯಬಾರದು."
ಮೊದಲ ಬಿಲ್ಲು ವಾಪಸು ಕೊಡಲಿಲ್ಲ,
ಎರಡನೆಯದು ಕೇಳಲಿಲ್ಲ.
ಬಾಯಿ ಎಲ್ಲ ಕಿಟಕಿ ತೆರೆದಳು, ಮುಚ್ಚಿದಳು,
ಗಂಡನ ಟೋಪಿ ತೆಗೆದುಕೊಂಡು ಇಳಿದಳು.

ಸಂಜೆ ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು,
ನಮ್ಮ ಸುತ್ತ ಮಾತ್ರ ಜಾಗ.
ಹೀಗೇ ಎಷ್ಟು ದಿನ ಆರಾಮಾಗಿ ಕೂತು ಬಂದಿದ್ದೇನೆ,
ಗೋವಾದ ಜನ ಒಳ್ಳೆಯವರು ಅಂದುಕೊಂಡು.
"ನಾನು ದಿನಾ ಹೀಂಗ ನಾರತೀನೇನು?"
ಅವಳು ಕಿಟಕಿಯ ಆಚೆ ನೋಡುತ್ತ
ಮೀನಿನ ಚೀಲ ತೊಡೆಯ ಮೇಲಿಟ್ಟು
"ನಾನೇನು ಮಲ್ಲಿಗಿ ಮಾರತೀನೇನು," ಅಂದಳು,
ಸರಿದು ಕೂರಲಿಲ್ಲ.